ತಿನ್ನದ ಮೀನು

ನಾನು ಪಾಚಿ ನೆಕ್ಕುವ ಮೀನು. ಹುಟ್ಟಿದ್ದು ಸಿಮೆಂಟ್ ತೊಟ್ಟಿಯಲ್ಲಿ. ನಮ್ಮವರ ಮೂಲ ಸಮುದ್ರದಾಚೆಯ ಯಾವುದೋ ಹೊಳೆಯಂತೆ, ನಾನು ನೋಡಿದವಳಲ್ಲ. ಮೈಮೇಲೆ ಮುಳ್ಳಿನ ಕವಚ, ತಲೆಯ ಅಡಿಯಲ್ಲಿ ಬಾಯಿ. ಆ ಬಾಯಿ ಒಂದು ಗಳಿಗೆಯೂ ಸುಮ್ಮನಿರದು. ಕಾಲಿದ್ದಿದ್ದರೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದೆ.

ಬೆರಳುದ್ದ ಇದ್ದಾಗ ನನ್ನನ್ನು ಅಂಗಡಿಯಿಂದ ಕೊಂಡವರು ಮೈಸೂರಿನ ನಾಗವೇಣಿ ಮೇಡಂ. ಅವರ ಗಾಜಿನ ತೊಟ್ಟಿಯನ್ನು ನೆಕ್ಕಿ ನೆಕ್ಕಿಯೇ ಮೊಳದುದ್ದ ಬೆಳೆದೆ. ತಿರುಗಲು ಜಾಗ ಸಾಲದೆ ಗಾಜಿಗೆ ಗುದ್ದತೊಡಗಿದೆ. ಕೊಲ್ಲಲು ಅವರಿಗೆ ಮನಸ್ಸು ಬರಲಿಲ್ಲ. ಹೊಳೆಗೆ ಬಿಟ್ಟರೆ ಪುಣ್ಯವೆಂದು ಯಾರೋ ಹೇಳಿದರು. ಒಂದು ಅಮಾವಾಸ್ಯೆಯ ದಿನ ಬಕೆಟ್ಟಿನಲ್ಲಿ ತಂದು, ಅರಿಶಿನ ಕುಂಕುಮ ಚೆಲ್ಲಿ, ಕಾವೇರಿಯ ಒಂದು ಮಡುವಿಗೆ ಬಿಟ್ಟು ಹೋದರು.

ಅಬ್ಬಾ, ಎಷ್ಟೊಂದು ನೀರು! ಆದರೂ ನನಗೆ ನೆಮ್ಮದಿ ಬರಲಿಲ್ಲ. ಹೀಗೆ ಪುಣ್ಯಕ್ಕೆ ಬಿಟ್ಟ ನಮ್ಮವರು ಆ ಮಡುವಿನಲ್ಲಿ ಆಗಲೇ ಬೇಕಾದಷ್ಟಿದ್ದರು. ಗಂಡುಗಳು ದಂಡೆ ಕೊರೆದು ಬಿಲ ಮಾಡಿದವು. ನಾವು ಹೆಣ್ಣುಗಳು ಅದರಲ್ಲಿ ಮೊಟ್ಟೆಯಿಟ್ಟೆವು. ಕಲ್ಲಿನ ಪಾಚಿಯನ್ನೆಲ್ಲ ನೆಕ್ಕಿದೆವು. ಪಾಚಿಗೆ ಅಂಟಿದ್ದ ಗೆಂಡೆ ಮೀನಿನ ಮೊಟ್ಟೆಗಳೂ ಜೊತೆಗೇ ಹೋದವು. ಉಂಡ ಮನೆಯ ಜಂತೆ ಎಣಿಸಿದವಳು ನಾನು. ಬೇಕೆಂದು ಮಾಡಲಿಲ್ಲ, ಆದರೂ ನಾಚಿಕೆಯಾಗುತ್ತದೆ.

ಆ ಗೆಂಡೆಯನ್ನೇ ನಂಬಿ ಬದುಕಿದವರು ಬೆಸ್ತರ ಗುಂಡಶೆಟ್ಟಿ ಮತ್ತು ಅವನ ಹೆಂಡತಿ ಚೌಡಮ್ಮ. ಮುದುಕನದು ಅಪ್ಪನ ಕಾಲದ ನೇಮ: ಜನ ತಿನ್ನದ ಮೀನನ್ನು ಕೊಲ್ಲಬಾರದು, ಹೊಳೆಗೇ ಬಿಡಬೇಕು. ನಾನು ಸಿಕ್ಕಿಬಿದ್ದಾಗಲೆಲ್ಲ ನನ್ನ ಮುಳ್ಳಿಗೆ ಬಲೆ ಹರಿಯುತ್ತಿತ್ತು. ಅವನು ಗೊಣಗದೆ ಬಿಡಿಸಿ, ಹೋಗವ್ವ ಎಂದು ನೀರಿಗೆ ಹಾಕುತ್ತಿದ್ದ. ನಾನೂ ಹೋಗಿ ಮತ್ತೆ ಮೊಟ್ಟೆಯಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ಬಲೆಯಲ್ಲಿ ಒಂದೇ ಒಂದು ಗೆಂಡೆ ಇರಲಿಲ್ಲ. ಇದ್ದವರೆಲ್ಲ ನಾವೇ. ಅವನು ಅಭ್ಯಾಸದಂತೆ ನನ್ನನ್ನು ನೀರಿನತ್ತ ಎತ್ತಿದ. ಚೌಡಮ್ಮ ಅವನ ಕೈ ಹಿಡಿದಳು.

“ನೀ ಬುಡೋದು ಇದೊಂದ್ನೇ ಅಲ್ಲ ಕನಾ. ಇದ್ರ ಹೊಟ್ಟೇಲಿರೋ ನೂರಾರನ್ನೂವೆ ಬುಡ್ತಿದ್ದೀಯ.”

ಗುಂಡಶೆಟ್ಟಿ ಎತ್ತಿದ ಕೈ ಇಳಿಸಿದ. ಆಮೇಲೆ ಮೊದಲು ನನ್ನನ್ನು, ನನ್ನ ಹಿಂದೆ ಉಳಿದವರನ್ನು ದೂರ ಒಯ್ದು ಒಣ ಮರಳಿನ ಮೇಲೆ ಇಟ್ಟ, ಎಸೆಯಲಿಲ್ಲ. “ತಪ್ಪಾಯ್ತು ಕನವ್ವ,” ಎಂದು ಕೈ ಮುಗಿದ.

ನಮ್ಮದು ಗಟ್ಟಿ ಜೀವ, ಬೇಗ ಹೋಗದು. ಹೊಳೆ ಹತ್ತು ಮಾರು ದೂರದಲ್ಲಿದೆ. ಬೇಡವೆಂದರೂ ಬಾಲ ಬಡಿಯುತ್ತಲೇ ಇದೆ. ಮುದುಕ ನನಗೆ ಬೆನ್ನು ಹಾಕಿ ಹರಿದ ಬಲೆ ಹೊಲಿಯುತ್ತಿದ್ದಾನೆ. ಅವನು ತಿರುಗಿ ನೋಡಬಾರದು. ನೋಡಿದರೆ ಎತ್ತಿ ನೀರಿಗೆ ಬಿಟ್ಟುಬಿಡುತ್ತಾನೆ. ಬಿಟ್ಟರೆ, ನಾನು ನೆಕ್ಕದೆ ಇರಲಾರೆ.