ಮೆತ್ತನೆಯ ಪೊರಕೆ

ಹಳೇಬೀಡಿನಿಂದ ಹುಲಿಕೆರೆಯ ಕಡೆಗೆ ಹೊರಳುವ ರಸ್ತೆಯಲ್ಲಿ ಪುಷ್ಪದಂತಯ್ಯನವರ ಬ್ಯಾಟರಿ ಶೆಡ್ಡು ಇದೆ. ಅಲ್ಲಿ ಒಂದು ಇರುವೆ ಸತ್ತದ್ದನ್ನು ಯಾರೂ ಕಂಡಿಲ್ಲ. ನೆಲಕ್ಕೆ ನೀರು ಸುರಿಯಕೂಡದು, ಒದ್ದೆ ಬಟ್ಟೆ ಎಳೆಯಕೂಡದು, ನೆಲದಲ್ಲಿ ಹರಿಯುವ ಜೀವಗಳು ನೀರಿಗೆ ಸಿಕ್ಕಿ ಸಾಯುತ್ತವೆ ಎಂಬುದು ಜೈನರಾದ ಅವರ ಕಟ್ಟಳೆ. ಅದಕ್ಕೆಂದೇ ನವಿರಾದ ಹುಲ್ಲನ್ನು ಆರಿಸಿ ಒಂದು ಮೆತ್ತನೆಯ ಪೊರಕೆ ಕಟ್ಟಿಸಿಕೊಂಡಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಜಮಾನರಾದ ತಾವೇ ನಡು ಬಗ್ಗಿಸಿ, ಮಗುವಿನ ತಲೆ ನೇವರಿಸಿದಷ್ಟು ಹಗುರವಾಗಿ ಗುಡಿಸುತ್ತಿದ್ದರು. ಗೋಡೆಯಲ್ಲಿ ಪದ್ಮಾವತಿ ಅಮ್ಮನವರ ಪಟವಿದ್ದುದರಿಂದ ಚಪ್ಪಲಿಗಳೆಲ್ಲ ಬಾಗಿಲಾಚೆ. ಕೆಲಸದವರೂ ಅವರೂ ಬರಿಗಾಲಲ್ಲೇ ಓಡಾಡುತ್ತಿದ್ದರು.

ಶೆಡ್ಡಿನ ಕೆಲಸವೆಂದರೆ ಟ್ರ್ಯಾಕ್ಟರು, ಯುಪಿಎಸ್‌ಗಳ ಹಳೆಯ ಬ್ಯಾಟರಿಗಳಿಗೆ ಹೊಸ ಫಲಕ ಕೂರಿಸುವುದು. ಸೀಸದ ಕೆಂಪು ಪುಡಿ, ಹಳದಿ ಪುಡಿಗಳನ್ನು ಆಸಿಡ್ ನೀರಿನಲ್ಲಿ ಕಲಸಿ, ಆ ಹಿಟ್ಟನ್ನು ಸೀಸದ ಜಾಲರಿಗಳಿಗೆ ಮೆತ್ತಿ ಒಣಗಿಸಿದರೆ ಫಲಕ ಸಿದ್ಧ. ಮೆತ್ತುವವಳು ಹೇಮಾಶ್ರೀ. ಜೋಡಿಸುವವನು ಉದಯಕುಮಾರ. ತಯಾರಾದದ್ದನ್ನು ಅರಸೀಕೆರೆಯ ಅಂಗಡಿಯಲ್ಲಿ ಮಾರುವವನು ಪುಷ್ಪದಂತಯ್ಯನವರ ಮಗ ಜಿನೇಂದ್ರ. ಶೆಡ್ಡಿನ ಹಿಂದೆಯೇ ಮನೆ. ಆ ಮನೆಯಿಂದ ಶೆಡ್ಡಿಗೂ ಶೆಡ್ಡಿನಿಂದ ಮನೆಗೂ ಅಜ್ಜನ ಬೆರಳು ಹಿಡಿದು ದಿನವಿಡೀ ಓಡಾಡುತ್ತಿದ್ದವಳು ಜಿನೇಂದ್ರನ ಪುಟ್ಟ ಮಗಳು ತ್ರಿಶಾ.

ಮಗು ಊಟ ಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ಅಳತೊಡಗಿತು. ತಾಯಿ ಸೌಜನ್ಯ ಜಂತುವಿನ ಔಷಧಿ ಕುಡಿಸಿದಳು, ದೃಷ್ಟಿ ತೆಗೆಸಿದಳು, ಕೊನೆಗೆ ಹಾಸನಕ್ಕೆ ಕರೆದೊಯ್ದಳು. ಮಕ್ಕಳ ವೈದ್ಯೆ ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಮನೇಲಿ ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ರಕ್ತ ತೆಗೆಸಿದರು. ಫಲಿತಾಂಶ ಬಂದ ದಿನ ಅವರ ದನಿಯಲ್ಲಿ ಸಲುಗೆಯಿರಲಿಲ್ಲ.

"ಸೀಸ. ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಮಕ್ಕಳಿಗೆ ಇಲ್ಲ. ನಿಮ್ಮ ಮಗುವಿನಲ್ಲಿ ಬಹಳ ಇದೆ. ಕಬ್ಬಿಣಾಂಶಕ್ಕೆ ಬರೆದುಕೊಡ್ತೀನಿ, ಆದರೆ ಮೊದಲ ಔಷಧಿ ಅಂದರೆ ಆ ಪುಡಿಯಿಂದ ದೂರ ಇಡೋದು. ಶೆಡ್ಡಿನಲ್ಲಿ ಗರ್ಭಿಣಿಯರು ಯಾರೂ ಇಲ್ಲ ತಾನೆ? ತಾಯಿ ರಕ್ತದಲ್ಲಿದ್ದದ್ದು ಸೀದಾ ಹೊಟ್ಟೆಯೊಳಗಿನ ಮಗುವಿಗೆ ಹೋಗುತ್ತೆ."

ಸೌಜನ್ಯ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಹೇಮಾಶ್ರೀಗೆ ಐದನೆಯ ತಿಂಗಳು ನಡೆಯುತ್ತಿತ್ತು. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಈ ಸಲ ನಿಂತಿದೆ ಎಂದು ಅವಳು ಹುಳಿಮಾವಿನಕಾಯಿ ಕಚ್ಚುತ್ತಾ, ಹಿಟ್ಟು ಮೆತ್ತಿದ ಕೈಯಿಂದಲೇ ಕೂದಲು ಹಿಂದಕ್ಕೆ ಸರಿಸುತ್ತಾ ನಗುತ್ತಿದ್ದ ಚಿತ್ರ ಸೌಜನ್ಯಳ ಕಣ್ಣ ಮುಂದೆ ಬಂದು ನಿಂತಿತು.

ಆ ಸಂಜೆ ಮನೆಯಲ್ಲಿ ನಡೆದ ಮಾತುಕತೆಯನ್ನು ಇದ್ದಂತೆಯೇ ಹೇಳಬೇಕು. ಏಕೆಂದರೆ ಅದರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಆದರೂ ನಡೆದದ್ದು ಕೆಟ್ಟದ್ದೇ.

"ಮಗುವನ್ನ ನಾಳೆಯೇ ಬಿಕ್ಕೋಡಿಗೆ, ನಿಮ್ಮ ತಾಯಿಯವರ ಹತ್ತಿರ ಬಿಟ್ಟು ಬಾ," ಎಂದರು ಪುಷ್ಪದಂತಯ್ಯ.

"ಹೇಮಾಶ್ರೀಗೂ ಹೇಳಬೇಕಲ್ಲ ಮಾವಯ್ಯ?"

ಜಿನೇಂದ್ರ ತಲೆ ಎತ್ತಿದ. "ಹೇಳೋಣ ಕಣೇ, ಯಾರು ಬೇಡ ಅಂದರು? ಹಿಡಿದಿರೋ ಆರ್ಡರ್ ಮುಗೀಲಿ. ಈಗಲೇ ಹೇಳಿದರೆ ಅವಳೂ ಹೋಗ್ತಾಳೆ, ಉದಯನೂ ಹೋಗ್ತಾನೆ, ಬೇಲೂರಿನವರೆಗೂ ಸುದ್ದಿ ಹೋಗುತ್ತೆ. ಮಾಸ್ಕ್ ತಂದುಕೊಟ್ಟಿದೀವಲ್ಲ ಎಲ್ಲರಿಗೂ?"

"ಮಾಸ್ಕ್ ಮೊಳೆಗೆ ನೇತಾಡ್ತಿದೆ ರೀ. ಕವರ್ ಕೂಡ ಬಿಚ್ಚಿಲ್ಲ."

"ಹಾಕ್ಕೋ ಅಂತ ಹೇಳ್ತೀನಿ ಬಿಡು."

ಸೂರ್ಯ ಮುಳುಗುವ ಮುನ್ನ ಊಟ ಮುಗಿಯಬೇಕಿತ್ತು. ಪುಷ್ಪದಂತಯ್ಯ ಎದ್ದು ಊಟಕ್ಕೆ ಕೈ ತೊಳೆದರು.

ಮಗುವನ್ನು ಬಿಕ್ಕೋಡಿಗೆ ಸೇರಿಸಲಾಯಿತು. ಹೇಮಾಶ್ರೀ ಎಂದಿನಂತೆ ಕೆಲಸಕ್ಕೆ ಬಂದಳು. ಅವಳು ಗೇಟು ತೆಗೆಯುವ ಸದ್ದು ಕೇಳಿದಾಗಲೆಲ್ಲ ಸೌಜನ್ಯ ಎದ್ದು ನಿಲ್ಲುತ್ತಿದ್ದಳು. ಇವತ್ತು ಹೇಳುತ್ತೇನೆ ಎಂದು ಹೊರಟವಳು ಹಿತ್ತಿಲ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದಳು. ಗಂಡನ ಮಾತು ಮೀರಿದಂತಾಗುತ್ತದೆ, ಮಾವನ ಹೆಸರು ಕೆಡುತ್ತದೆ, ಆರ್ಡರ್ ಇನ್ನೇನು ಮುಗಿಯುತ್ತದೆ ಎಂದು ದಿನಕ್ಕೊಂದು ಕಾರಣ ಸಿಗುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ತನ್ನ ಮಗುವಿನ ರಕ್ತ ಶುದ್ಧವಾಗುವುದನ್ನು ಬೇಡಿಕೊಳ್ಳುವಾಗ ಇನ್ನೊಂದು ಮಗು ಅಡ್ಡ ಬಂದು ನಿಲ್ಲುತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದನ್ನು ನಾವು ಸಂಕೋಚ ಎನ್ನುತ್ತೇವೆ, ಮರ್ಯಾದೆ ಎನ್ನುತ್ತೇವೆ. ಅದಕ್ಕಿರುವ ನಿಜವಾದ ಹೆಸರನ್ನು ನಮ್ಮ ವಿಷಯದಲ್ಲಿ ಬಳಸುವುದಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಅವಳು ಶೆಡ್ಡಿನೊಳಕ್ಕೆ ಕಾಲಿಟ್ಟಳು.

ಪುಷ್ಪದಂತಯ್ಯನವರಿಗೆ ಇನ್ನೊಂದು ಕಟ್ಟಳೆಯಿತ್ತು. ತಾವು ಬೆಳಕಿರುವಾಗಲೇ ಉಣ್ಣುವವರು, ಆ ಹೊತ್ತಿನಲ್ಲಿ ತಮ್ಮ ಕೆಲಸದವರ ಹೊಟ್ಟೆಯೂ ಖಾಲಿ ಇರಬಾರದು. ಆದ್ದರಿಂದ ದಿನಾ ಇಳಿಹೊತ್ತಿಗೆ ಮನೆಯಿಂದ ಅವಲಕ್ಕಿಯೋ ಮಂಡಕ್ಕಿಯೋ ಬಟ್ಟಲು ತುಂಬ ಬರುತ್ತಿತ್ತು. ಹಿಟ್ಟು ಮೆತ್ತುವ ಹಲಗೆಯ ಮೂಲೆಯಲ್ಲೇ ಬಟ್ಟಲಿಟ್ಟುಕೊಂಡು ಇಬ್ಬರೂ ತಿನ್ನುತ್ತಿದ್ದರು. ಅದೇ ಹೊತ್ತಿಗೆ ಯಜಮಾನರು ಗುಡಿಸುತ್ತಿದ್ದರು.

"ಬನ್ನಿ ಅಕ್ಕಾರೆ," ಎಂದಳು ಹೇಮಾಶ್ರೀ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಪಾಪು ಬಂದ್ಲಾ ಊರಿಂದ? ಅವ್ಳಿಲ್ದೆ ಈ ಉದಯಣ್ಣನ ಮುಖಾನೇ ನೋಡ್ಕಂಡ್ ಕೂರಂಗಾಯ್ತು."

"ನನ್ ಮುಖಕ್ಕೇನಮ್ಮ ಆಗೈತೆ?" ಉದಯಕುಮಾರ ನಕ್ಕ. "ಅಕ್ಕಾರೆ, ಇವ್ಳ ಕೂಸು ಹುಟ್ತಾನೇ ಕೆಂಪಗಿರ್ತದೆ ನೋಡಿ. ಇವ್ಳು ಮೆತ್ತಿದ್ರಲ್ಲಿ ಅರ್ಧ ಜಾಲರಿಗೆ, ಅರ್ಧ ಸೀರೆಗೆ."

"ಹುಟ್ಲಿ ಬಿಡ್ಲಾ, ನಿನ್ ಥರ ಮಸಿ ಬಣ್ಣ ಅಂತೂ ಇರಾಕಿಲ್ಲ."

ಪಶ್ಚಿಮದ ಕಿಟಕಿಯಿಂದ ಒಂದು ಕೋಲು ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಪುಷ್ಪದಂತಯ್ಯ ಆ ಬಿಸಿಲಿನಲ್ಲಿ ಬಾಗಿ, ಇರುವೆಯ ಸಾಲೊಂದನ್ನು ಬಳಸಿ, ಮೆತ್ತಗೆ, ಬಹಳ ಮೆತ್ತಗೆ ಪೊರಕೆ ಆಡಿಸುತ್ತಿದ್ದರು. ಪೊರಕೆ ಮುಟ್ಟಿದಲ್ಲೆಲ್ಲ ನೆಲದಿಂದ ಕೆಂಪು ಹೊಗೆಯಂಥದೊಂದು ಏಳುತ್ತಿತ್ತು. ಅದು ಬಿಸಿಲಿನೊಳಗೆ ತೇಲಿ, ಸುತ್ತಿ, ಅವಸರವಿಲ್ಲದೆ ಹಲಗೆಯ ಮೇಲೆ, ಸೆರಗಿನ ಮೇಲೆ, ಬಿಳಿಯ ಅವಲಕ್ಕಿಯ ಮೇಲೆ ಇಳಿಯಿತು. ಹೇಮಾಶ್ರೀ ಬೆರಳುಗಳನ್ನು ಕೂಡಿಸಿ ಒಂದು ತುತ್ತು ಎತ್ತಿದಳು.

"ತಿನ್ನಬೇಡ!"

ಸೌಜನ್ಯ ಅವಳ ಕೈಯನ್ನು ಹೊಡೆದಳು. ಕೈ ತಗುಲಿ ಬಟ್ಟಲು ನೆಲಕ್ಕೆ ಬಿದ್ದು ಉರುಳಿತು.

ಯಜಮಾನರ ಮನೆಯ ಸೊಸೆ ಬಸುರಿ ಹೆಂಗಸಿನ ಬಾಯಿಯ ತುತ್ತು ಹೊಡೆದುರುಳಿಸಿದ್ದಳು. ಹೇಮಾಶ್ರೀಯ ಮುಖ ಅವಮಾನದಿಂದ ಕಪ್ಪಿಟ್ಟಿತು. ಆಗ ಸೌಜನ್ಯ ಎಲ್ಲವನ್ನೂ ಹೇಳಿದಳು. ತ್ರಿಶಾಳ ಹೊಟ್ಟೆನೋವು, ರಕ್ತ ಪರೀಕ್ಷೆ, ವೈದ್ಯೆ ಕೇಳಿದ ಪ್ರಶ್ನೆ. ಈ ಪುಡಿ ಬಾಯಿಯಿಂದ ಹೋಗುತ್ತದೆ, ಉಸಿರಿನಿಂದ ಹೋಗುತ್ತದೆ, ಬರಿಗಾಲಿನ ಅಂಗಾಲಿಗೆ ಹತ್ತಿ ಮನೆಗೂ ಬರುತ್ತದೆ ಎಂಬುದನ್ನು ಹೇಳಿದಳು.

ಹೇಮಾಶ್ರೀ ಉರುಳಿದ ಬಟ್ಟಲನ್ನು ಎತ್ತಿ ಹಲಗೆಯ ಮೇಲಿಟ್ಟಳು. ಆಮೇಲೆ ಕೇಳಿದಳು. "ಪಾಪೂನ ಯಾವತ್ತು ಊರಿಗೆ ಕಳಿಸಿದ್ರಿ ಅಕ್ಕಾರೆ?"

"ಹೋದ ವಾರ."

"ಹೋದ್ ವಾರದಿಂದ ನಾನು ಇಲ್ಲೇ ಕುಂತ್ಕಂಡು ತಿಂತಾ ಇವ್ನಿ." ಅವಳು ದನಿ ಎತ್ತಲಿಲ್ಲ. "ದಿನಾ ಬಟ್ಲು ನಿಮ್ ಮನೆಯಿಂದ್ಲೇ ಬತ್ತಿತ್ತು."

"ಹೌದು," ಎಂದಳು ಸೌಜನ್ಯ. ನೆಪ ಹೇಳದಿದ್ದುದಷ್ಟೇ ಆ ಹೊತ್ತಿಗೆ ಅವಳಿಂದಾದ ಪ್ರಾಮಾಣಿಕತೆ.

"ಹೋದ್ ಸಲದ್ದೂ ಇದ್ರಿಂದಾನೇ ಹೋಯ್ತಾ?"

ಹೇಮಾಶ್ರೀ ಸೆರಗನ್ನು ಹೊಟ್ಟೆಯಿಂದ ದೂರಕ್ಕೆ, ಉರಿಯುವ ಬಟ್ಟೆಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಹೊರಗೆ ನಡೆದಳು. ಉದಯಕುಮಾರ ಅವಳ ಹಿಂದೆ ಹೋದ.

"ನನ್ನ ಪೊರಕೆಯಿಂದ ಇವತ್ತಿನವರೆಗೆ ಒಂದು ಜೀವ ನೊಂದಿಲ್ಲ, ಸೌಜನ್ಯ," ಎಂದರು ಪುಷ್ಪದಂತಯ್ಯ. ಅದು ಸಮರ್ಥನೆಯೋ ಮೊರೆಯೋ ತಿಳಿಯುವಂತಿರಲಿಲ್ಲ.

"ಬಿಸಿಲಿನಲ್ಲಿ ನೋಡಿ ಮಾವಯ್ಯ. ನೆಲದಲ್ಲಿ ಬಿದ್ದಿದ್ದ ವಿಷವನ್ನ ಎಬ್ಬಿಸಿ ಅವರ ತಟ್ಟೆಗೆ ಬಡಿಸಿದ್ದು ಇದೇ ಪೊರಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಅದು ನೆಲದಲ್ಲೇ ಸಾಯ್ತಿತ್ತು. ನಿಮಗೆ ಇರುವೆ ಕಾಣಿಸ್ತು, ಅವಳು ಕಾಣಿಸಲಿಲ್ಲ. ನಾನೂ ಕಂಡೂ ಕಾಣದ ಹಾಗೆ ಇದ್ದೆ."

ಆ ಸಂಜೆ ಅವರು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಶೆಡ್ಡಿಗೆ ಬೀಗ ಹಾಕಿ, ಉಪವಾಸ ಕೂತು, ಜಪಮಣಿ ಹಿಡಿದರು. ಜಿನೇಂದ್ರ ಆರ್ಡರಿನ ಮಾತು ತೆಗೆಯಲಾರದೆ ಅರಸೀಕೆರೆಗೆ ಹೋದ. ಸೌಜನ್ಯ ಹೇಮಾಶ್ರೀಯನ್ನು ಹಾಸನಕ್ಕೆ ಕರೆದೊಯ್ದು ರಕ್ತ ಕೊಡಿಸಿದಳು. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಹೇಮಾಶ್ರೀ ದಾರಿಯುದ್ದಕ್ಕೂ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಒಮ್ಮೆ ಬೆಚ್ಚಿ, "ಬೆಳಗ್ಗಿಂದ ಕೂಸು ಒದ್ದಿಲ್ಲ," ಎಂದಳು. ಹಗರೆ ದಾಟುವವರೆಗೆ ಸೌಜನ್ಯ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಹೇಮಾಶ್ರೀ ನಿಧಾನವಾಗಿ ಸೀಟಿಗೆ ಒರಗಿದಳು. ಒದ್ದಿತ್ತು.

ಫಲಿತಾಂಶಕ್ಕೆ ಕಾಯುವ ದಿನಗಳು ಬಂದವು. ಕೊನೆಗೆ ಬಂದ ಸುದ್ದಿ ಅತ್ತ ಸಮಾಧಾನವೂ ಅಲ್ಲ, ಇತ್ತ ಸಿಡಿಲೂ ಅಲ್ಲ. ಸೀಸ ಇದೆ, ಇರಬಾರದಷ್ಟು ಇದೆ. ಈಗಲೇ ದೂರವಾದರೆ ಇಳಿಯುತ್ತದೆ. ಸುಣ್ಣದಂಶ, ಕಬ್ಬಿಣಾಂಶ ತಪ್ಪದೆ ಕೊಡಿ, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಮಗುವಿಗೆ ಏನಾಗಿದೆ, ಏನೂ ಆಗಿಲ್ಲವೇ ಎಂಬುದನ್ನು ಈಗ ಹೇಳಲಾಗದು.

ಸೌಜನ್ಯ ಅದನ್ನು ಮಾವನ ಮುಂದೆ ಹೇಳಿದಳು. ಅವರು ಕಣ್ಣು ಮುಚ್ಚಿದರು. "ಇನ್ನೂ ಎಂಟು ದಿನ ಉಪವಾಸ ಮಾಡ್ತೀನಿ."

ಆಗ ಅವಳು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಆಡದ ದನಿಯಲ್ಲಿ ಮಾತಾಡಿದಳು. "ನೀವು ಹಸಿದರೆ ಅವಳ ರಕ್ತ ಶುದ್ಧವಾಗುತ್ತಾ ಮಾವಯ್ಯ? ಅವಳು ವರ್ಷಗಟ್ಟಲೆ ಬರಿಗಾಲಲ್ಲಿ ಹೊತ್ತುಕೊಂಡು ಹೋದ ಪುಡಿ ಅವಳ ಮನೇಲಿ ಹಾಗೇ ಇದೆ. ಅವಳು ಕೂತು ಉಣ್ಣೋದು ಆ ನೆಲದ ಮೇಲೆ. ಉಪವಾಸ ನಿಮಗೆ ಸುಲಭ. ನಿಮಗೆ ಕಷ್ಟವಾದದ್ದನ್ನ ಮಾಡಿ."

ಪುಷ್ಪದಂತಯ್ಯ ಜಪಮಣಿಯನ್ನು ಕೆಳಗಿಟ್ಟರು.

ಮಾರನೆಯ ಬೆಳಿಗ್ಗೆ ಅವರು ಬಕೆಟ್ಟು, ಸೋಪಿನ ಪುಡಿ, ಹಳೆಯ ಪಂಚೆಯ ತುಂಡುಗಳನ್ನು ಹಿಡಿದು, ಕಾಲಿಗೆ ಹೊಸ ಚಪ್ಪಲಿ ಮೆಟ್ಟಿ, ಕೆರೆಯ ಏರಿಯ ಕೆಳಗಿದ್ದ ಹೇಮಾಶ್ರೀಯ ಮನೆಗೆ ನಡೆದರು. ಸೌಜನ್ಯ ಜೊತೆಗಿದ್ದಳು. ಬಾಗಿಲಲ್ಲಿ ಹೇಮಾಶ್ರೀಯ ಅತ್ತೆ ವಿಶಾಲಮ್ಮ ನಿಂತಿದ್ದಳು.

"ಅಯ್ಯೋ, ಯಜಮಾನ್ರು! ಒಳೀಕ್ ಬನ್ನಿ. ಇದೇನು ಬಕೀಟು ಹಿಡ್ಕಂಡು?"

"ನೆಲ ಒರೆಸೋದಕ್ಕೆ ಬಂದೆ ತಾಯಿ."

"ಏನಂದ್ರಿ?" ವಿಶಾಲಮ್ಮ ಗಾಬರಿಯಾದಳು. "ಬ್ಯಾಡಿ ಸ್ವಾಮಿ, ಕಂಡೋರು ಏನಂದಾರು?"

ಒಳಗಿನಿಂದ ಹೇಮಾಶ್ರೀಯ ದನಿ ಬಂತು. "ಒರೆಸ್ಲಿ ಬಿಡು ಅತ್ತೆ. ಅವರದೇ ಪುಡಿ ಐತೆ ಇಲ್ಲಿ."

ಪುಷ್ಪದಂತಯ್ಯ ಹೊಸ್ತಿಲ ಬಳಿ ಮಂಡಿಯೂರಿದರು. ಕೆಲಸದಿಂದ ಬಂದವಳು ಮೊದಲು ಕಾಲೂರುತ್ತಿದ್ದ ಜಾಗ ಅದು. ಬಟ್ಟೆಯನ್ನು ಅದ್ದಿ, ಹಿಂಡಿ, ಕೈ ಮುಂದೆ ಚಾಚಿದವರು ತಟ್ಟನೆ ನಿಂತರು. ಹೊಸ್ತಿಲಿನ ಬಿರುಕಿನಿಂದ ಇರುವೆಯ ಸಾಲು ಹೊರಟು ಒಲೆಯ ಕಡೆಗೆ ಸಾಗುತ್ತಿತ್ತು. ಅವರ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕಿತು. ಸೌಜನ್ಯ ಕಾದಳು. ಹೇಳಬೇಕಾದದ್ದನ್ನು ಅವಳು ಹೇಳಿಯಾಗಿತ್ತು.

ಹೇಮಾಶ್ರೀ ಗೋಡೆ ಹಿಡಿದು ಎದ್ದು ಬಂದಳು. ಒಂದು ಚಿಟಿಕೆ ಸಕ್ಕರೆಯನ್ನು ತಂದು ಹೊಸ್ತಿಲಾಚೆ, ಅಂಗಳದ ಕಲ್ಲಿನ ಮೇಲೆ ಉದುರಿಸಿದಳು. ಸಾಲು ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ಸುಳಿಯಿತು. ಆಮೇಲೆ ಒಂದೊಂದಾಗಿ ಇರುವೆಗಳು ಹೊರಕ್ಕೆ ತಿರುಗಿದವು.

"ಅವು ಹೋಗ್ಲಿ, ಕಾಯಿರಿ," ಎಂದಳು. "ಹೋದ್ ಮ್ಯಾಲೆ ಒರೆಸಿ. ಒರೆಸೋದ್ ಮಾತ್ರ ಬಿಡಬ್ಯಾಡಿ. ಮಂಚದ ಕೆಳೀಕೂ ಐತೆ."

ಕೊನೆಯ ಇರುವೆ ಹೊಸ್ತಿಲು ದಾಟಿತು. ಪುಷ್ಪದಂತಯ್ಯ ನೆಲಕ್ಕೆ ಬಟ್ಟೆಯೊತ್ತಿ ಎಳೆದರು. ತಿರುಗಿಸಿ ನೋಡಿದಾಗ ಪಂಚೆಯ ಬಿಳಿಯ ತುಂಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಎಲ್ಲರೂ ಕಂಡರು. ಅವರು ಇನ್ನೊಂದು ತುಂಡನ್ನು ಅದ್ದಿದರು. ಹೇಮಾಶ್ರೀ ಅಂಗಳದ ಗಾಳಿಗೆ ಹೋಗಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನದು ಅಲುಗುವುದನ್ನೇ ಕಾಯತೊಡಗಿದಳು.