ಗುರುವಾರದ ಡಾಕ್ಟರಮ್ಮ

ಫ್ಯಾನು ಟಕ್ ಟಕ್ ಅನ್ನುತ್ತಿದೆ, ಸದ್ದಷ್ಟೇ, ಗಾಳಿಯ ಸುಳಿವಿಲ್ಲ, ಮನಸ್ಸಿನ ಡಾಕ್ಟರಮ್ಮ ಈಗ ನಮ್ಮ ಫಾತೋರ್ಡಾದ ದವಾಖಾನಿಗೇ ಬರ್ತಾಳ, ಗುರುವಾರಕ್ಕೊಮ್ಮೆ, ದೂರ ಹೋಗೂದು ತಪ್ಪಿತು ಎಂದು ಓಣಿಯ ಚಂಪಾಬಾಯಿ ಹೇಳಿದ್ದಕ್ಕೇ ಸಾವಂತ್ರೆವ್ವ ಗಂಡನನ್ನು ಎಳೆದುಕೊಂಡು ಬಂದಳು, ಬಂದು ಮಾಡಿದ್ದೇನು, ಮಣ್ಣು — ಈಗ ಹೊರಗಿನ ಬೆಂಚಿನಲ್ಲಿ ಮಗ್ಗುಲಿಗೆ ಗಂಡ ರಾಮಪ್ಪ, ಅವನ ಕೈಯಲ್ಲಿ ತಲೆಸುತ್ತಿನ ಗುಳಿಗೆ, ಎರಡು ದಿನ ತಿಂದು ಶನಿವಾರ ಕೆಲಸಕ್ಕೆ ಹೋಗಲಿ ಎಂದಿದ್ದಾಳೆ ಡಾಕ್ಟರಮ್ಮ, ಕೆಲಸವೆಂದರೆ ನಾಲ್ಕನೇ ಮಹಡಿಯ ಸೆಂಟ್ರಿಂಗು, ಅಯ್ಯೋ ಶಿವನೇ, ತಲೆಸುತ್ತು ಎಂದವಳು ಯಾರು, ಇವಳೇ. ಡಾಕ್ಟರಮ್ಮನಿಗೆ ಕನ್ನಡ ಬಾರದು, ಊರು ಬಿಟ್ಟು ಈ ಕೊಂಕಣಿ ಸೀಮೆಗೆ ಬಂದು ಹನ್ನೆರಡು ವರ್ಷ ಇಂಡಿ ಕಡೆಯವರ ಗ್ಯಾಂಗಿನಲ್ಲೇ ದುಡಿದ ಅವನಿಗೆ ಕೊಂಕಣಿ ಬಾರದು, ನಾಲ್ಕು ಮನೆಯ ಪಾತ್ರೆ ತಿಕ್ಕಿ ಇವಳಿಗೆ ಬರುತ್ತದೆ, ಅವನು ಹೇಳಿದ್ದನ್ನು ಇವಳು ತಿರುಗಿಸಿ ಹೇಳಬೇಕಿತ್ತು, ನೆಲ ನೋಡುತ್ತ ಅವನು ಹೇಳಿದ, ಮ್ಯಾಲಿಂದ ಕೆಳಗ ನೋಡಿದ್ರ ಜಿಗದು ಬಿಡಬೇಕು ಅನಸತೈತ್ರಿ, ದಿನಾ ಅನಸತೈತಿ — ಡಾಕ್ಟರಮ್ಮ ಇವಳ ಮುಖ ನೋಡಿದಳು, ಗಂಡನ ಸಾವಿನ ಮಾತು ಹೆಂಡತಿ ಬಾಯಾಗ ಬರಬಾರದವ್ವಾ, ಅಸ್ತು ಅನ್ನೂ ದೇವರು ತಿರಗತಿರತಾರ, ಅತ್ತೆ ಸಾವಿರ ಸಲ ಹೇಳಿದ್ದು, ತಾಳಿ ಹಿಡಿದುಕೊಂಡಳು, ಮೇಲೆ ಹತ್ತಿದರೆ ತಲೆ ಸುತ್ತುತ್ತದಂತೆ ಮೇಡಮ್, ಅಂದುಬಿಟ್ಟಳು, ಪೆನ್ನು ಸರಸರ ಓಡಿತು. ಇವನೋ, ಹೊರಗೆ ಬಂದವನೇ, ಎಲ್ಲಾ ಹೇಳಿದಿ ಹೌದಲ್ಲ, ಭಾಳ ದಿನದ ಮ್ಯಾಲ ಹಗರಾತು ನೋಡ, ಅಂದ, ಹೂಂನ್ರಿ ಅಂದಳು, ಥೂ, ಎಂಥ ಹೆಂಡತಿ ನಾನು — ಒಂದು ಗಂಟೆಗೆ ಡಾಕ್ಟರಮ್ಮ ಹೊರಡುತ್ತಾಳೆ, ಒಳಗೆ ಕುರ್ಚಿ ಸರಿದ ಸದ್ದು, ಚೀಲದ ಜಿಪ್ಪಿನ ಸದ್ದು, ಮುಂದಿನ ಗುರುವಾರ ಕರೆತಂದರಾಯಿತು, ಆದರೆ ನಡುವೆ ಶನಿವಾರ ಇದೆ, ಸೋಮವಾರ ಇದೆ, ಮಂಗಳವಾರ ಇದೆ, ಆ ಅಸ್ತು ಅನ್ನೂ ದೇವರಿಗೆ ಕಿವಿ ಇದ್ದರೆ ಗಂಡ ಹೇಳಿದ್ದೂ ಆಗಲೇ ಕೇಳಿಸಿರಬೇಕಲ್ಲ — ಏಳ್ರಿ, ಒಳಗ ಬರ್ರಿ, ಪರದೆ ಸರಿಸಿದಳು, ಕಿತೆಂ ಜಾಲೆಂ, ಏನಾಯಿತೆಂದು ಡಾಕ್ಟರಮ್ಮ ಕೇಳಿದಳು, ಇವಳ ಕೊಂಕಣಿ ಎಲ್ಲಿ ಹೋಯಿತೋ, ಸಾಯಬೇಕು ಅಂತಾರ್ರಿ ಇವರು, ನಾ ಸುಳ್ಳ ಹೇಳಿದ್ನಿ, ಬಂದದ್ದೆಲ್ಲ ಕನ್ನಡ, ಡಾಕ್ಟರಮ್ಮನಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಬೇಕು, ಕೊಂಕಣಿಯಲ್ಲಿ, ಹೇಳಿದಳು, ಡಾಕ್ಟರಮ್ಮ ಚೀಲ ಕೆಳಗಿಟ್ಟಳು, ಬಾಗಿಲು ಮುಚ್ಚಿದಳು, ಏನೋ ಕೇಳುತ್ತಿದ್ದಳು, ಇವಳಿಗೆ ಒಂದೂ ಕೇಳಿಸುತ್ತಿಲ್ಲ, ಕಾಣುವುದು ಒಂದೇ, ಇವಳ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿರುವ, ಗಂಡನ ಸಿಮೆಂಟು ತಿಂದ ಬೆರಳುಗಳು, ಆ ಬೆರಳುಗಳು.