ಕೆರೆಯಡಿಯ ತಾಮ್ರ

ಸತ್ತವನಿಗೆ ಮರ್ಯಾದೆ ತೋರಿಸಲು ಹೋಗಿ ಗುಳ್ಳಕೆರೆಯವರು ಇದ್ದ ಕೆರೆಯನ್ನೇ ಕಳೆದುಕೊಳ್ಳುವ ಹಾಗಾಯಿತು.

ಬೇಗೂರಿನ ಆಚೆಗಿನ ಸಣ್ಣ ಊರು ಅದು. ಹೆಂಗಸರು ಬೆಳಗಾಗುತ್ತಲೇ ಸೊಪ್ಪಿನ ಕುಕ್ಕೆ ಹೊತ್ತು ಜಯನಗರದ ಹೊಸ ಬಡಾವಣೆಗೆ ನಡೆಯುವರು, ಗಂಡಸರು ಕೆರೆಯ ಕೆಳಗೆ ಭತ್ತ ಬೆಳೆಯುವರು. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ಕೆರೆಯ ತೂಬು ತೆಗೆದು ಮುಚ್ಚುವ ಕೆಲಸ ನೀರಗಂಟಿ ಚಿಕ್ಕಬೈರಪ್ಪನದು. ಐವತ್ತೊಂಬತ್ತನೇ ಇಸವಿಯ ದೀಪಾವಳಿ ಕಳೆದ ಮೇಲೆ ಅವನು ಜ್ವರ ಬಂದು ತೀರಿಕೊಂಡ. ಯಾರಿಗೂ ಒಂದು ಬೊಗಸೆ ನೀರಿನ ಅನ್ಯಾಯ ಮಾಡದವನು. ಊರಿನವರು ಕೂತು ಮಾತಾಡಿ, ಅವನ ವರ್ಷದ ಎಡೆ ಆಗುವವರೆಗೆ ತೂಬು ಮುಟ್ಟುವುದು ಬೇಡ, ಈ ಸಲ ಬೇಸಿಗೆ ಭತ್ತವೇ ಬೇಡ ಎಂದು ತೀರ್ಮಾನ ಮಾಡಿದರು. ಅದನ್ನು ಅವನ ಹೆಂಡತಿ ಗೌರಮ್ಮನಿಗೆ ಬಂದು ಹೇಳಿದಾಗ ಅವಳು ತಲೆಯಾಡಿಸಿದಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದಳು.

ಸಂಕ್ರಾಂತಿ ಕಳೆದು ಒಂದು ಶುಕ್ರವಾರ ಕೆರೆ ಏರಿಯ ಮೇಲೆ ಜೀಪು ಬಂತು. ಇಳಿದವರು ಮರುಳಸಿದ್ದಪ್ಪ, ಭೂಮಿಯೊಳಗಿನ ಅದಿರು ಹುಡುಕುವ ಇಲಾಖೆಯವರು. ಕೆರೆಯ ಅಂಚಿನ ಬಂಡೆಯಲ್ಲಿ ಹಸಿರು ಕಲೆ ಕಂಡಿತ್ತಂತೆ. ಅಡಿಯಲ್ಲಿ ತಾಮ್ರ ಇರಬಹುದಂತೆ.

"ಪೈರು ನಿಂತಿರೋ ಕೆರೆ ಮುಟ್ಟಬಾರದು ಅಂತ ನಮಗೆ ಆರ್ಡರ್ ಇದೆ," ಎಂದರು ಅವರು. "ನಿಮ್ಮ ಗದ್ದೆ ಎಲ್ಲಾ ಬೀಳು ಬಿದ್ದಿದೆಯಲ್ಲ, ಅನುಕೂಲ ಆಯ್ತು. ಸೋಮವಾರ ಲಾರಿ ಬರುತ್ತೆ, ಕೆರೆ ಬಸಿದು ಕೊರೀತೀವಿ. ತಾಮ್ರ ಸಿಕ್ಕಿದ್ರೆ ಗಣಿ. ನಿಮಗೆಲ್ಲಾ ಬೇರೆ ಕಡೆ ಜಾಗ ಕೊಡ್ತಾರೆ. ಕರೆಂಟ್ ತಂತಿಗೆ ದೇಶಕ್ಕೆ ತಾಮ್ರ ಬೇಕು ಕಣ್ರಪ್ಪ."

"ನಮ್ಮೂರಿಗೆ ಕರೆಂಟೇ ಬಂದಿಲ್ಲ ಸಾರ್," ಎಂದ ಚಿಕ್ಕಬೈರಪ್ಪನ ತಮ್ಮ ಕಿಟ್ಟಿ. "ತಂತಿಗೆ ತಾಮ್ರ ಮಾತ್ರ ನಮ್ಮಿಂದ್ಲೇ ಬೇಕಾ?"

ನಕ್ಕವರು ನಕ್ಕರು. ರಾಮಯ್ಯ ನಗಲಿಲ್ಲ. ಅವನದು ಕಾಲುವೆಯ ತುದಿಯ ಕಡೆಗದ್ದೆ.

"ಬರ್ಲಿ ಬಿಡ್ರೋ. ಎಲ್ಲರ್ದೂ ಆಗಿ ಮಿಕ್ಕಿದ ನೀರು ನಂಗೆ. ಗಣೀಲಿ ಕೂಲಿನಾದ್ರೂ ಸರಿಸಮ ಸಿಕ್ತದೆ."

ಜೀಪು ಹೋದ ಮೇಲೆ ಊರ ಹಿರಿಯ ಬೈರಣ್ಣ ತಲೆಗೆ ಕೈಹಚ್ಚಿ ಕೂತ. ಪೈರಿದ್ದಿದ್ದರೆ ಕೆರೆ ಉಳಿಯುತ್ತಿತ್ತು. ಪೈರು ಬೇಡವೆಂದವರು ತಾವೇ.

"ಇವತ್ತೇ ಬಿತ್ತನೆ ಭತ್ತ ನೆನೆಹಾಕಿದ್ರೆ ಭಾನುವಾರಕ್ಕೆ ಮೊಳಕೆ ಒಡೀತದೆ. ಕೆಸರಲ್ಲಿ ಚೆಲ್ಲಿ ಒಟ್ಲು ಬಿಡಬಹುದು," ಎಂದ. "ಆದ್ರೆ ತೂಬು ತೆಗೆಯೋರು ಯಾರು?"

ಅಲ್ಲಿನ ಕಟ್ಟಳೆಯಂತೆ ನೀರಗಂಟಿಯ ಒಲೆಯಲ್ಲಿ ಉಂಡವರೇ ತೂಬಿಗೆ ಕೈಹಾಕಬೇಕು. ಕಿಟ್ಟಿ ಪಾಲಾಗಿ ಒಲೆ ಬೇರೆ ಮಾಡಿಕೊಂಡು ಎಷ್ಟೋ ಕಾಲವಾಗಿತ್ತು. ಆ ಒಲೆಯ ಮುಂದೆ ಈಗ ಉಳಿದಿದ್ದವರು ಇಬ್ಬರೇ: ಗೌರಮ್ಮ ಮತ್ತು ಅವಳ ಅತ್ತೆ ಮರಿಯಮ್ಮ. ಮರಿಯಮ್ಮನ ನಡು ಬಾಗಿತ್ತು.

ಗೌರಮ್ಮ ಹೆಂಗಸರ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೆರೆ ಹೋದರೆ ಏರಿಯ ಬುಡದಲ್ಲಿರುವ ನೀರಗಂಟಿಯ ಮನೆಯೇ ಮೊದಲು ಬೀಳುವುದು. ಅವಳು ಆನೇಕಲ್ಲಿನ ಅಣ್ಣನ ಮನೆಗೆ ಹೋಗಬೇಕು, ಅತ್ತೆ ಕಿಟ್ಟಿಯ ಮನೆಗೆ. ಚಿಕ್ಕಬೈರಪ್ಪ ಇದ್ದನೆಂಬುದಕ್ಕೆ ಗುರುತಾಗಿ ಒಂದು ಹೊಂಡ ಉಳಿಯುತ್ತದೆ. ಇಷ್ಟೆಲ್ಲ ಅವಳಿಗೆ ತಿಳಿಯಿತು, ಆದರೆ ಅಳು ಬರಲಿಲ್ಲ.

"ಏಯ್ ಗೌರಿ," ಎಂದಳು ಮರಿಯಮ್ಮ ಎಲ್ಲರೆದುರಿಗೆ. "ಸೆರಗು ಕಟ್ಕೊ. ತೂಬು ನೀನು ತೆಗೀತೀಯ."

ಬೈರಣ್ಣ ಕೆಮ್ಮಿದ. "ಅಲ್ಲ ಮರಿಯಕ್ಕ, ವರ್ಷ ತುಂಬಿಲ್ಲ. ಬರಿದಾದ ಹಣೆ..."

"ಬಾಯಾರಿದೋನು ನೀರು ಕೊಡೋರ ಹಣೆ ನೋಡ್ತಾನೇನೋ ಬೈರ? ನಿನ್ ಗದ್ದೆ ಬಾಯಿ ಬಿಟ್ಕೊಂಡು ಬಿದ್ದದೆ, ಹೋಗಿ ಕೇಳ್ಕೊಂಡು ಬಾ. ಬ್ಯಾಡ ಅಂದ್ರೆ ಬ್ಯಾಡ."

ಕಿಟ್ಟಿ ಕಿಸಕ್ಕೆಂದ. ಬೈರಣ್ಣ ಟವೆಲು ಕೊಡವಿ ಎದ್ದ. "ಏಳವ್ವ ಗೌರಮ್ಮ. ನಿನ್ನತ್ತೆ ಬಾಯಿಗೆ ನಾನು ಸಾಟಿಯಲ್ಲ."

ಭಾನುವಾರ ಬಿಸಿಲೇರುವ ಮೊದಲು ಅವಳು ನೀರಿಗಿಳಿದಳು. ಕಲ್ಲುಕಂಬಗಳ ನಡುವೆ ತೂಬಿನ ಮರದ ಗೂಟ. ನೀರು ಎದೆಯವರೆಗೆ ಬಂತು, ಜನವರಿಯ ನೀರು. ಗೂಟ ತಬ್ಬಿ ಎತ್ತಿದಳು. ಅಲುಗಲಿಲ್ಲ. ಎಂದೋ ಒಮ್ಮೆ ಗಂಡನ ಜೊತೆ ಇಳಿದಿದ್ದಾಗ ಅವನು ನಗುತ್ತ ಹೇಳಿದ್ದ: ಎತ್ತಬ್ಯಾಡ ಕಣೆ, ತಿರುವು. ತಿರುವಿದಳು. ಕಾಲ ಕೆಳಗೆ ನೀರು ಗುಡುಗಿತು.

ಏರಿಯ ಮೇಲಿದ್ದ ಜನ ಹೋ ಎಂದರು. ಬೈರಣ್ಣ ಗುದ್ದಲಿ ಹಿಡಿದು ತನ್ನ ಗದ್ದೆಗೆ ನೀರು ಹಾಯುವ ಮಡೆ ಬಿಡಿಸಲು ಓಡಿದ. ಅವನದೇ ತಲೆಗದ್ದೆ, ಮೊದಲ ನೀರು ಯಾವಾಗಲೂ ಅವನಿಗೆ.

"ಬ್ಯಾಡ, ಬೈರಣ್ಣ," ಎಂದಳು ಗೌರಮ್ಮ ನೀರಿನಿಂದಲೇ. ತಿಂಗಳುಗಳ ಮೇಲೆ ಅವಳ ಗಂಟಲು ಅಷ್ಟು ಎತ್ತರಕ್ಕೆ ಏರಿತ್ತು. "ಈ ಸಲ ಕಡೆಯಿಂದ. ರಾಮಯ್ಯನೋರ್ಗೆ ಮೊದ್ಲು."

ಹಾಗೆಂದೂ ಆದದ್ದಿಲ್ಲ. ಆದರೆ ತೂಬು ಹಿಡಿದವರ ಮಾತಿಗೆ ಎದುರಿಲ್ಲ. ಬೈರಣ್ಣ ತನ್ನ ಮಡೆಗೆ ತಾನೇ ಮಣ್ಣು ಮೆತ್ತಿದ. ಮಿಕ್ಕವರೂ ಮೆತ್ತಿದರು. ಕಾಲುವೆಯುದ್ದಕ್ಕೂ ಸೋರಿಕೆಗೆ ಒಬ್ಬೊಬ್ಬರು ಕಾಲಡ್ಡ ಇಟ್ಟು ನಿಂತರು, ಹಣೆಯ ಮಾತಾಡಿದ ಬೈರಣ್ಣನೂ. ಗೌರಮ್ಮ ಕಂಬಕ್ಕೊರಗಿ ನೋಡಿದಳು. ತಾನು ಬಿಟ್ಟ ನೀರನ್ನು ಇಡೀ ಊರು ಕಾಲಿನಲ್ಲಿ ಕಾಯುತ್ತಿತ್ತು. ಆಗ ಅವಳಿಗೆ ಅಳು ಬಂತು. ಮೈಯೆಲ್ಲ ಒದ್ದೆಯಾಗಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರ ಲಾರಿಯೊಂದಿಗೆ ಮರುಳಸಿದ್ದಪ್ಪ ಬಂದರು. ರಾಮಯ್ಯ ತನ್ನ ಗದ್ದೆಯ ಬದುವಿನಲ್ಲೇ ಅವರನ್ನು ತಡೆದ.

"ಒಟ್ಲು ಬಿಟ್ಟಿದ್ದೀನಿ ಸಾರ್. ಕೆರೆ ಮುಟ್ಟಬ್ಯಾಡಿ."

ಅವರು ಕುಕ್ಕರಗಾಲಲ್ಲಿ ಕೂತು ಕೆಸರು ನೋಡಿದರು. "ಏನ್ರೀ ಇದು, ಬರೀ ಮೊಳಕೆ! ಪೈರೆಲ್ಲಿ?"

"ಮೊಳಕೆ ಅಂದ್ರೆ ಪೈರಿನ ಕೂಸು ಸಾರ್. ನಿಮ್ಮ ಇಲಾಖೇಲಿ ಕೂಸುಗಳ್ನ ಜನ ಅನ್ನಲ್ವಾ?"

ಮರುಳಸಿದ್ದಪ್ಪನವರಿಗೆ ನಗು ತಡೆಯಲಾಗಲಿಲ್ಲ. "ತೂಬು ತೆಗೆದಿದ್ದು ಯಾರು?"

"ನಾನು," ಎಂದಳು ಗೌರಮ್ಮ.

ಅವರು ಅವಳನ್ನು ನೋಡಿದರು, ಕೆರೆಯನ್ನು ನೋಡಿದರು. ಬಲವಂತ ಮಾಡಬಹುದಿತ್ತು, ಜೊತೆಗೆ ಆಳುಗಳಿದ್ದರು. "ಆಯ್ತು ತಾಯಿ. ನಿಮ್ಮ ಕೊಯ್ಲಾಗೋವರೆಗೂ ಆಚೆ ದಿಣ್ಣೆ ಕೊರೀತೀವಿ. ಅಲ್ಲಿ ತಾಮ್ರದ ಗಟ್ಟಿ ಎಳೆ ಸಿಕ್ರೆ ಮತ್ತೆ ಬರ್ತೀನಿ. ಆಗ ಬೈಕೋಬೇಡಿ."

ದಿಣ್ಣೆಯಲ್ಲಿ ತಾಮ್ರ ಸಿಕ್ಕಿತು, ಆದರೆ ಗಣಿ ತೆರೆಯುವಷ್ಟು ದಪ್ಪ ಎಳೆಯಲ್ಲ. ತೆನೆ ಬಾಗುವ ಹೊತ್ತಿಗೆ ಅವರು ಯಂತ್ರ ಬಿಚ್ಚಿ ಲಾರಿಗೇರಿಸಿ ಬೇರೆ ಜಿಲ್ಲೆಗೆ ಹೊರಟರು. ರಾಮಯ್ಯನ ಮಗ ಅವರ ಜೊತೆಗೇ ಕೆಲಸಕ್ಕೆ ಹೋದ. ತಂದೆ ತಡೆಯಲಿಲ್ಲ.

ಅಂದು ಸಂಜೆ ಗೌರಮ್ಮ ಬಾಗಿ ಅತ್ತೆಯ ಕಾಲು ಮುಟ್ಟಿದಳು.

"ಏನೇ ಇದು, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ?"

"ಅವತ್ತು ನನ್ನ ಕೂಗಿದ್ರಲ್ಲ, ಅದಕ್ಕೆ."

"ಇನ್ಯಾರನ್ನ ಕೂಗ್ಲಿ? ಹೋಗು, ತೂಬು ಮುಚ್ಚಿ ಬಾ. ನೀರು ಸುಮ್ನೆ ಹೋಗ್ತಾ ಅದೆ."

ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಏರಿ ಹತ್ತಿದಳು. ರಾಮಯ್ಯ ಎದುರಾದ. ಗಣಿ ಬರಲಿ ಎಂದಿದ್ದ ಅವನೇ ಅಂದು ಬದುವಿನಲ್ಲಿ ಅಡ್ಡ ನಿಂತು ಕೆರೆ ಉಳಿಸಿದ್ದ. ಅವಳು ನಿಂತು ಅವನಿಗೆ ಕೈಮುಗಿದಳು. ಅವನು ಗಾಬರಿಯಾಗಿ ಹಿಂದೆ ನೋಡಿದ, ಅಲ್ಲಿ ಬೇರೆ ಯಾರೂ ಇರಲಿಲ್ಲ. ಹೆಗಲ ಮೇಲಿನ ಗುದ್ದಲಿ ಕೆಳಗಿಟ್ಟು ತಾನೂ ಕೈಮುಗಿದ.